ಕರಾವಳಿಯ ಮಳೆಗಾಲದಲ್ಲಿ ಹಿತ್ತಿಲ ಕೋಳಿ: ಪತ್ತನಾಜೆಯಿಂದ ಸೋಣದವರೆಗಿನ ಸಮಗ್ರ ಮಾರ್ಗದರ್ಶಿ

ಮಳೆ ಹಿಡಿಯಿತೆಂದರೆ ಸಾಕು, ಕೋಳಿಗೆ ಚಳಿಯಾಗುತ್ತದೆಂದು ಗೂಡಿನ ನಾಲ್ಕೂ ಬದಿಗೆ ಟರ್ಪಾಲು ಬಿಗಿಯುತ್ತೇವೆ. ಮಂಗಳೂರು, ಉಡುಪಿ ಕಡೆಯ ಹಿತ್ತಿಲುಗಳಲ್ಲಿ ಪ್ರತಿ ಜೂನ್‌ನಲ್ಲೂ ಇದು ನಡೆಯುತ್ತದೆ. ಕಾಳಜಿಯಿಂದಲೇ ಮಾಡುವ ಕೆಲಸ ಇದು. ಆದರೆ ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಕೋಳಿಗಳು ಮೂಗು ಸೋರಿಸಿಕೊಂಡು, ಕಣ್ಣು ಮುಚ್ಚಿ, ಗರಿ ಕೆದರಿ ಮೂಲೆಯಲ್ಲಿ ನಿಲ್ಲುವುದಕ್ಕೆ ಹೆಚ್ಚಿನ ಸಲ ಆ ಟರ್ಪಾಲೇ ಕಾರಣ.

ಬೆಳೆದ ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ. ಮೈತುಂಬ ಗರಿಯ ಹೊದಿಕೆ ಬೇರೆ. ಜುಲೈ ರಾತ್ರಿಯ 23 ಡಿಗ್ರಿ ಅದಕ್ಕೆ ಏನೇನೂ ಅಲ್ಲ. ಅದನ್ನು ಕೆಡಿಸುವುದು ತೇವ. ಹತ್ತು ಕೋಳಿಗಳ ಲೆಕ್ಕ ನೋಡಿ: ಮೊಟ್ಟೆಯಿಡುವ ಒಂದು ಕೋಳಿ ದಿನಕ್ಕೆ ಸುಮಾರು 120 ಗ್ರಾಂ ಹಿಕ್ಕೆ ಹಾಕುತ್ತದೆ, ಅದರಲ್ಲಿ ಮುಕ್ಕಾಲು ಪಾಲು ನೀರು. ಹತ್ತು ಕೋಳಿ ಸೇರಿದರೆ ಹಿಕ್ಕೆಯಿಂದಲೇ 900 ಗ್ರಾಂ ನೀರು. ಉಸಿರಿನಿಂದ ಹೋಗುವುದನ್ನೂ ಸೇರಿಸಿದರೆ ದಿನಕ್ಕೆ ಒಂದು ಲೀಟರಿಗೂ ಹೆಚ್ಚು ನೀರು ಗೂಡಿನೊಳಗೇ ಹುಟ್ಟುತ್ತದೆ. ಮಾಡು ಒಂದು ತೊಟ್ಟೂ ಸೋರದಿದ್ದರೂ ಇಷ್ಟು. ಈ ನೀರು ಹೊರಹೋಗಲು ಗಾಳಿಯೊಂದೇ ದಾರಿ. ಆದ್ದರಿಂದ ಮಳೆಗಾಲದ ಕೋಳಿಸಾಕಣೆಯಲ್ಲಿ ಮಾಡಬೇಕಾದ ಕೆಲಸ ಎರಡೇ: ಮಳೆಯನ್ನು ಹೊರಗಿಡುವುದು, ಗಾಳಿಯನ್ನು ಒಳಗೆ ಬಿಡುವುದು. ಕೆಳಗಿನ ಅಳತೆಗಳೆಲ್ಲ ಹತ್ತು ಹೇಂಟೆ, ಒಂದು ಹುಂಜ ಇರುವ ಮನೆಗೆ ಹೊಂದುವಂಥವು. ನಿಮ್ಮಲ್ಲಿ ಹೆಚ್ಚು ಕಡಿಮೆ ಇದ್ದರೆ ಅದೇ ಪ್ರಮಾಣದಲ್ಲಿ ಹಿಗ್ಗಿಸಿ, ಕುಗ್ಗಿಸಿ.

ಪತ್ತನಾಜೆಯೊಳಗೆ ಮುಗಿಸಬೇಕಾದ ಗೂಡಿನ ಕೆಲಸ

ಮೇ 24-25ರ ಹೊತ್ತಿಗೆ ಬರುವ ಪತ್ತನಾಜೆಯನ್ನು (ತುಳು ತಿಂಗಳು ಬೇಶದ ಹತ್ತನೆಯ ದಿನ) ಕೊನೆಯ ಗಡುವೆಂದು ಇಟ್ಟುಕೊಳ್ಳಿ. ಕರಾವಳಿಯಲ್ಲಿ ವರ್ಷದ ಮಳೆಯ ಶೇ. 80ಕ್ಕೂ ಹೆಚ್ಚು ಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆಯೇ ಬೀಳುತ್ತದೆ. ಒಮ್ಮೆ ಶುರುವಾದ ಮೇಲೆ ಹಂಚು ಬಿಚ್ಚಿ ರೀಪು ಬದಲಿಸಲು ಬಿಡುವು ಸಿಗುವುದಿಲ್ಲ.

ಮೊದಲು ಜಾಗ. ಗೂಡಿನ ನೆಲ ಅಂಗಳಕ್ಕಿಂತ ಕನಿಷ್ಠ ಒಂದೂವರೆ ಅಡಿ ಎತ್ತರ ಇರಬೇಕು. ಕೆಂಪುಕಲ್ಲಿನ ಎರಡು ವರಸೆ ಕಟ್ಟಿ ಒಳಗೆ ಜಲ್ಲಿ, ಮರಳು ತುಂಬಿ ಮೇಲೆ ಗಾರೆ ಹಾಕಿದರೆ ಸಾಕು. ಬರೀ ಮಣ್ಣಿನ ನೆಲ ಬೇಡ. ನಮ್ಮ ಮುರಮಣ್ಣು ಜೂನ್ ಕೊನೆಗೆ ಕೆಳಗಿನಿಂದಲೇ ನೀರು ಜಿನುಗಿಸುತ್ತದೆ. ಮೇಲೆ ಎಷ್ಟು ಉಮಿ ಹಾಸಿದರೂ ಅಡಿಯಿಂದ ಒದ್ದೆಯಾಗುತ್ತಲೇ ಇರುತ್ತದೆ. ಗೂಡಿನ ಸುತ್ತ ಒಂದಡಿ ಅಗಲ, ಒಂದಡಿ ಆಳದ ಕಣಿ ತೆಗೆದು, ಮಾಡಿನ ನೀರು ಅದಕ್ಕೇ ಬಿದ್ದು ತೋಡಿಗೆ ಹರಿಯುವಂತೆ ಇಳಿಜಾರು ಕೊಡಿ. ಒಂದು ಕೊಡ ನೀರು ಸುರಿದು ನೋಡಿದರೆ ಎಲ್ಲಿ ನಿಲ್ಲುತ್ತದೆಂದು ಗೊತ್ತಾಗುತ್ತದೆ. ನಿಂತ ನೀರೆಂದರೆ ಸೊಳ್ಳೆ, ಸೊಳ್ಳೆಯೆಂದರೆ ಕೋಳಿಗೆ ಸಿಡುಬು, ಮನೆಯವರಿಗೆ ಮಲೇರಿಯಾ.

ಒಳಗಿನ ಜಾಗ ಒಂದು ಕೋಳಿಗೆ ಮೂರೂವರೆಯಿಂದ ನಾಲ್ಕು ಚದರ ಅಡಿ. ಬೇಸಿಗೆಯಲ್ಲಿ ದಿನವಿಡೀ ಹೊರಗೆ ಮೇಯುವ ಕೋಳಿಗೆ ಎರಡು ಚದರ ಅಡಿಯಲ್ಲಿ ರಾತ್ರಿ ಕಳೆಯುವುದು ಕಷ್ಟವಲ್ಲ. ಆದರೆ ಆಟಿಯಲ್ಲಿ ವಾರಗಟ್ಟಲೆ ಒಳಗೇ ಇರಬೇಕಾಗುತ್ತದೆ. ಜಾಗ ಸಾಲದಿದ್ದರೆ ಒಂದರ ಗರಿಯನ್ನು ಇನ್ನೊಂದು ಕಿತ್ತು ತಿನ್ನುವ ಚಾಳಿ ಹುಟ್ಟುತ್ತದೆ, ಅದನ್ನು ಬಿಡಿಸುವುದು ಬಹಳ ಕಷ್ಟ. ಹನ್ನೊಂದು ಕೋಳಿಗೆ 8 ಅಡಿ ಉದ್ದ, 5 ಅಡಿ ಅಗಲದ ಗೂಡು ಹಿಡಿಸುತ್ತದೆ. ನಮ್ಮಲ್ಲಿ ಮಳೆಗಾಳಿ ಬೀಸುವುದು ಪಡುವಣ, ನೈರುತ್ಯದ ಕಡೆಯಿಂದ. ಆದ್ದರಿಂದ ಐದಡಿಯ ಕಿರಿದಾದ ಬದಿಯನ್ನು ಪಡುವಣಕ್ಕೆ ತಿರುಗಿಸಿ, ಆ ಬದಿಗೆ ಪೂರ್ತಿ ಗೋಡೆ ಕೊಡಿ.

ಉದ್ದದ ಬದಿಗಳ ಎತ್ತರವನ್ನು ಅಂದಾಜಿನಲ್ಲಿ ಬಿಡಬೇಡಿ, ಲೆಕ್ಕ ಹಾಕಿ. ಜೋರುಗಾಳಿಗೆ ಮಳೆ ಸುಮಾರು 45 ಡಿಗ್ರಿ ಓರೆಯಾಗಿ ಬೀಳುತ್ತದೆಂದು ಇಟ್ಟುಕೊಂಡರೆ, ಮಾಡು ಎಷ್ಟು ಅಡಿ ಹೊರಚಾಚಿದೆಯೋ ಅಷ್ಟೇ ಅಡಿ ಗೋಡೆ ಮೇಲಿನಿಂದ ಒಣಗಿರುತ್ತದೆ. ಮಾಡಿನ ಅಂಚು ಗೂಡಿನ ನೆಲದಿಂದ 5 ಅಡಿ ಎತ್ತರದಲ್ಲಿದ್ದು, 3 ಅಡಿ ಹೊರಚಾಚಿದ್ದರೆ, ಮೇಲಿನ 3 ಅಡಿಗೆ ಎರಚಲು ತಾಗುವುದಿಲ್ಲ. ಅಲ್ಲಿ ಬಲೆ ಇರಲಿ. ಕೆಳಗಿನ 2 ಅಡಿಗೆ ತಾಗುತ್ತದೆ. ಅಲ್ಲಿ ಕೆಂಪುಕಲ್ಲಿನ ಗೋಡೆ ಬೇಕು. ಅಂಗಡಿಯಿಂದ ತಂದ ಸಿದ್ಧ ಗೂಡುಗಳಲ್ಲಿ ಮಾಡು ಅರ್ಧ ಅಡಿಯಷ್ಟೂ ಹೊರಬಂದಿರುವುದಿಲ್ಲ. ಅವು ನಮ್ಮ ಮಳೆಗಾಗಿ ಮಾಡಿದವಲ್ಲ. ಅಂಥದ್ದಿದ್ದರೆ ಕಾರು ಶೆಡ್ಡಿನ ಒಳಗೋ ಕೊಟ್ಟಿಗೆಯ ಜಗಲಿಯಲ್ಲೋ ಇಡುವುದು ಲೇಸು.

ದಕ್ಷಿಣದ ಉದ್ದ ಬದಿಗೆ ಮಾತ್ರ ತಟ್ಟಿ ಬೇಕಾಗುತ್ತದೆ. ಹೆಣೆದ ತೆಂಗಿನ ಮಡಲು ಅಥವಾ ಅಡಿಕೆ ಸೋಗೆಯ ತಟ್ಟಿ ಟರ್ಪಾಲಿಗಿಂತ ಎಷ್ಟೋ ಮೇಲು. ನೀರನ್ನು ತಡೆದು ಗಾಳಿಯನ್ನು ಬಿಡುತ್ತದೆ. ಬಲೆಗೆ ಒತ್ತಿ ಕಟ್ಟದೆ ಒಂದಡಿ ಹೊರಗೆ, ಮಾಡಿನಿಂದ ಇಳಿಬಿಡಿ. ಮೇಲ್ಗಡೆ ಆರು ಇಂಚು ಯಾವತ್ತೂ ತೆರೆದಿರಲಿ. ಬೆಚ್ಚಗಿನ ಒದ್ದೆಗಾಳಿ ಮೇಲಕ್ಕೇರಿ ಅಲ್ಲಿಂದಲೇ ಹೊರಹೋಗಬೇಕು. ಟರ್ಪಾಲೇ ಗತಿಯೆಂದಾದರೆ ಸುರುಳಿ ಸುತ್ತಿ ಮೇಲಿಡುವಂತೆ ಕಟ್ಟಿ, ಮಳೆ ಜೋರಾದಾಗ ಇಳಿಸಿ, ನಿಂತೊಡನೆ ಎತ್ತಿ.

ಮಾಡಿಗೆ ಮಂಗಳೂರು ಹಂಚೇ ಉತ್ತಮ. ಹಂಚಿನ ಸಂದಿನಿಂದ ಗಾಳಿಯಾಡುತ್ತದೆ, ಅಡಿಯಲ್ಲಿ ಬೆವರು ಹನಿಯುವುದಿಲ್ಲ. ತಗಡಿನ ಶೀಟು ಹಾಕಿದ್ದರೆ ಬೆಳಗಿನ ಜಾವ ಅದರ ಅಡಿಯಲ್ಲಿ ನೀರು ಕಟ್ಟಿ ಹಾಸಿನ ಮೇಲೆ ತೊಟ್ಟಿಕ್ಕುತ್ತದೆ. ಆಗ ಜನ ಶೀಟು ಸೋರುತ್ತಿದೆಯೆಂದು ಡಾಂಬರು ಬಳಿಯುತ್ತಾರೆ, ಏನೂ ಪ್ರಯೋಜನವಾಗುವುದಿಲ್ಲ. ಅಂಚಿನಡಿಯ ಗಾಳಿಸಂದು ದೊಡ್ಡದು ಮಾಡಿ, ಶೀಟಿನಡಿ ಮಡಲು ಹೊದೆಸಿದರೆ ನಿಲ್ಲುತ್ತದೆ.

ಬಲೆಯ ವಿಷಯದಲ್ಲಿ ಜಿಪುಣತನ ಬೇಡ. ಆರು ಮೂಲೆಯ ಕಣ್ಣಿನ ತೆಳು ಕೋಳಿಬಲೆ ಕೋಳಿಯನ್ನು ಒಳಗಿಡುತ್ತದೆ, ನಾಯಿ, ಕಾಡುಬೆಕ್ಕುಗಳನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡೆಡ್ ಜಿಐ ಬಲೆ ಹಾಕಿ. ಮಳೆಗೆ ಬಿಲಗಳಲ್ಲಿ ನೀರು ತುಂಬಿದಾಗ ಹೆಗ್ಗಣ, ಅದರ ಬೆನ್ನಿಗೆ ಹಾವು ಒಣ ಜಾಗ ಹುಡುಕಿ ಬರುತ್ತವೆ. ಬಾಗಿಲಿನಡಿಯ ಒಂದಿಂಚು ಸಂದೂ ಅವಕ್ಕೆ ದಾರಿಯೇ. ಗೂಡಿನೊಳಗೆ ಹೆಬ್ಬಾವು ಸಿಕ್ಕಿದರೆ ಹೊಡೆಯಲು ಹೋಗಬೇಡಿ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆಯಿರುವ ಪ್ರಾಣಿ. ಕೋಳಿ ನುಂಗಿದ ಹೆಬ್ಬಾವು ಬೇಗ ಓಡಲಾರದು. ಬಾಗಿಲು ಮುಚ್ಚಿ ಅರಣ್ಯ ಇಲಾಖೆಗೋ ಹಾವು ಹಿಡಿಯುವವರಿಗೋ ತಿಳಿಸಿ.

ಹಾಸು: ಇಡೀ ಮಳೆಗಾಲ ನಿಂತಿರುವುದು ಇದರ ಮೇಲೆ

ಗೂಡಿನ ನೆಲಕ್ಕೆ ಹಾಸಲು ಭತ್ತದ ಉಮಿ, ಮರದ ಹೆರೆ, ಇವೆರಡರ ಮಿಶ್ರಣ ಒಳ್ಳೆಯದು. ನುಣ್ಣನೆಯ ಮರದ ಹುಡಿ ಒಂದನ್ನೇ ಹಾಕಿದರೆ ಬೇಗ ಗಟ್ಟೆಕಟ್ಟುತ್ತದೆ. ತೆಂಗಿನನಾರಿನ ಹುಡಿ ಸುಲಭವಾಗಿ ಸಿಗುತ್ತದೆ, ನೀರನ್ನೂ ಚೆನ್ನಾಗಿ ಹೀರುತ್ತದೆ. ಹೀರಿದ್ದನ್ನು ಜುಲೈಯಲ್ಲಿ ಬಿಟ್ಟುಕೊಡುವುದಿಲ್ಲ ಎನ್ನುವುದೇ ತೊಂದರೆ. ತರಗೆಲೆ ಪುಕ್ಕಟೆ ಸಿಗುತ್ತದೆಂದು ಜೂನ್‌ನಲ್ಲಿ ಗುಡಿಸಿ ತರಬೇಡಿ, ಆಗ ಅದಕ್ಕೆ ಬೂಷ್ಟು ಹಿಡಿದಿರುತ್ತದೆ. ಬೂಷ್ಟಿನ ಹುಡಿ ಕೋಳಿಯ ಶ್ವಾಸಕೋಶಕ್ಕೆ ಹೋದರೆ ಆಸ್ಪರ್ಜಿಲೋಸಿಸ್ ಎಂಬ ರೋಗ ಬರುತ್ತದೆ, ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಾ ಸಾಯುತ್ತವೆ. ಬೇಕಾದದ್ದನ್ನು ಏಪ್ರಿಲ್, ಮೇ ಬಿಸಿಲಲ್ಲೇ ಒಣಗಿಸಿ ಚೀಲಕ್ಕೆ ತುಂಬಿ ಅಟ್ಟಕ್ಕೇರಿಸಿ.

ನಲವತ್ತು ಚದರ ಅಡಿಗೆ ನಾಲ್ಕು ಇಂಚು ದಪ್ಪ ಹಾಸಲು 50 ಕಿಲೋ ಅಕ್ಕಿಚೀಲದ ಅಳತೆಯಲ್ಲಿ ಸುಮಾರು ಆರು ಚೀಲ ಉಮಿ ಬೇಕು. ಮೇಲಿಂದ ಮೇಲೆ ಹಾಕಲು ಇನ್ನೂ ಆರೇಳು ಚೀಲ ಕೂಡಿಡಿ. ಆಗಸ್ಟಿನಲ್ಲಿ ಮಿಲ್ಲಿಗೆ ಹೋದರೆ ಸಿಗುವುದು ಒದ್ದೆ ಉಮಿಯೇ.

ಹಾಸಿನ ತೇವ ಶೇ. 20-25 ಇದ್ದರೆ ಸರಿ. ಅದನ್ನು ಅಳೆಯಲು ಯಂತ್ರ ಬೇಡ. ಗೂಡಿನ ನಡುವಿನಿಂದ ಒಂದು ಹಿಡಿ ಹಾಸು ತೆಗೆದು ಬಿಗಿಯಾಗಿ ಹಿಂಡಿ, ಅಂಗೈ ಬಿಡಿಸಿ. ಉಂಡೆ ಹಾಗೇ ನಿಂತರೆ ತೇವ ಹೆಚ್ಚಾಗಿದೆ. ಸ್ವಲ್ಪ ಒಟ್ಟಾಗಿ, ಬೆರಳು ಬಿಡಿಸಿದೊಡನೆ ಒಡೆದು ಉದುರಿದರೆ ಸರಿಯಾಗಿದೆ. ಕೈಗೆ ಅಂಟದೆ ಹುಡಿಯಾಗಿ ಹಾರಿದರೆ ತೀರಾ ಒಣಗಿದೆ, ನಮ್ಮಲ್ಲಿ ಮಳೆಗಾಲದಲ್ಲಿ ಅದು ಆಗುವುದಿಲ್ಲ. ಇದನ್ನು ಮೂರು ಜಾಗದಲ್ಲಿ ಮಾಡಿ: ನಡುವೆ, ನೀರಿನ ಪಾತ್ರೆಯ ಹತ್ತಿರ, ಪಡುವಣ ಗೋಡೆಯ ಬುಡದಲ್ಲಿ. ಮೂರರಲ್ಲೂ ಬೇರೆ ಬೇರೆ ಉತ್ತರ ಸಿಗುತ್ತದೆ, ಕೆಲಸ ಎಲ್ಲಿ ಬಾಕಿಯಿದೆಯೆಂದು ಅದರಿಂದಲೇ ತಿಳಿಯುತ್ತದೆ.

ಎರಡನೆಯ ಪರೀಕ್ಷೆ ಮೂಗಿನದು. ಬೆಳಿಗ್ಗೆ ಬಾಗಿಲು ತೆರೆದೊಡನೆ ಕೋಳಿಯ ತಲೆಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಉಸಿರೆಳೆದುಕೊಳ್ಳಿ. ನಿಂತು ನೋಡಿದರೆ ಗೊತ್ತಾಗುವುದಿಲ್ಲ. ಘಾಟು ಮೂಗಿಗೆ ಹತ್ತಿದರೆ ಅಮೋನಿಯಾ 20-25 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 20-25 ಪಾಲು) ಮುಟ್ಟಿದೆಯೆಂದು ಲೆಕ್ಕ. ಅಷ್ಟು ಸಾಕು ಕೋಳಿಯ ಶ್ವಾಸನಾಳದ ಒಳಪೊರೆಯನ್ನು ಕೆಡಿಸಲು. ಆ ಪೊರೆ ಕೆಟ್ಟ ಮೇಲೆ ನೆಗಡಿ, ಕೆಮ್ಮಿನ ರೋಗಾಣುಗಳಿಗೆ ತಡೆಯೇ ಇಲ್ಲ. ನಿಮ್ಮ ಕಣ್ಣೇ ಉರಿಯುತ್ತಿದ್ದರೆ ತೀರಾ ತಡವಾಗಿದೆ. ಆ ದಿನವೇ ಹಾಸು ಬದಲಿಸಿ.

ದಿನದ ಕೆಲಸ ಹೀಗೆ. ಕೋಳಿ ಹೊರಬಂದ ಮೇಲೆ ಮೂರು ಹಲ್ಲಿನ ಗುದ್ದಲಿಯಲ್ಲಿ ಹಾಸನ್ನು ತಳದಿಂದ ಮೇಲಕ್ಕೆ ಕೆದಕಿ ಮಗುಚಿ. ಗಟ್ಟೆಕಟ್ಟಿದ ಒದ್ದೆ ಹಾಸನ್ನು ಕೆದಕಿ ಬೆರೆಸಬೇಡಿ, ಎತ್ತಿ ಹೊರಹಾಕಿ ಅಲ್ಲಿಗೆ ಒಣ ಉಮಿ ತುಂಬಿ. ಸಂಜೆ ಒಂದು ಹಿಡಿ ನುಚ್ಚಕ್ಕಿ ಅಥವಾ ಭತ್ತ ಎರಚಿದರೆ ಕೋಳಿಗಳೇ ಕಾಲಿನಿಂದ ಕೆದರಿ ಉಳಿದ ಕೆಲಸ ಮಾಡುತ್ತವೆ, ಅವಕ್ಕೂ ಹೊತ್ತು ಹೋಗುತ್ತದೆ.

ಹತ್ತು ಹದಿನೈದು ದಿನಕ್ಕೊಮ್ಮೆ ಅರಳಿದ ಸುಣ್ಣದ ಪುಡಿಯನ್ನು ನಲವತ್ತು ಚದರ ಅಡಿಗೆ ಒಂದೂವರೆ ಕಿಲೋದಂತೆ ಬೆರೆಸಬಹುದು. ನಮ್ಮ ಚಿಪ್ಪಿನ ಸುಣ್ಣವೂ ಆಗುತ್ತದೆ, ಆದರೆ ಪೂರ್ತಿ ಅರಳಿರಬೇಕು. ಅರಳದ ಸುಣ್ಣ ಒದ್ದೆ ಹಾಸು ತಾಗಿ ಕುದಿದು ಕೋಳಿಯ ಪಾದ ಸುಡುತ್ತದೆ. ಸುಣ್ಣ ಬೆರೆತೊಡನೆ ಹಾಸಿನಲ್ಲಿದ್ದ ಅಮೋನಿಯಾ ಒಮ್ಮೆಲೇ ಮೇಲೇಳುತ್ತದೆ. ಆದ್ದರಿಂದ ಬೆಳಿಗ್ಗೆಯೇ ಬೆರೆಸಿ, ನಾಲ್ಕೈದು ಗಂಟೆ ಗಾಳಿಯಾಡಿದ ಮೇಲೆ ಕೋಳಿಗಳನ್ನು ಒಳಬಿಡಿ. ಸುಣ್ಣ ಹಾಕಿದ್ದೇವೆಂದು ಹಾಸು ಬದಲಿಸದೆ ಇರಬಾರದು.

ಇಷ್ಟೆಲ್ಲ ಮಾಡುವುದಕ್ಕಿಂತ ಮೊದಲೇ ಮಾಡಬಹುದಾದ ಒಂದು ಕೆಲಸವಿದೆ: ಅಡ್ಡೆಯ (ಕೋಳಿ ರಾತ್ರಿ ಕೂರುವ ಅಡ್ಡಮರದ) ಅಡಿ ಹಲಗೆ. ಕೋಳಿಯ ಹಿಕ್ಕೆಯಲ್ಲಿ ಅರ್ಧದಷ್ಟು ಬೀಳುವುದು ರಾತ್ರಿ, ಅಡ್ಡೆಯಲ್ಲಿ ಕೂತಾಗ. ನೆಲದಿಂದ ಎರಡೂವರೆ ಅಡಿ ಎತ್ತರಕ್ಕೆ, ಒಂದು ಕೋಳಿಗೆ ಎಂಟು ಇಂಚಿನಂತೆ, ಎರಡು ಇಂಚು ಅಗಲದ, ಅಂಚು ಉರುಟು ಮಾಡಿದ ಅಡ್ಡೆ ಹಾಕಿ. ಹನ್ನೊಂದು ಕೋಳಿಗೆ ಗೂಡಿನ ಎಂಟಡಿ ಉದ್ದಕ್ಕೂ ಒಂದು ಅಡ್ಡೆ ಸಾಕು. ಅದರ ಎಂಟು ಇಂಚು ಕೆಳಗೆ ಎರಡಡಿ ಅಗಲದ ಹಲಗೆಯನ್ನೋ ಹಳೆಯ ಫೈಬರ್ ಶೀಟನ್ನೋ ಕೂರಿಸಿ ತೆಳ್ಳಗೆ ಬೂದಿ ಎರಚಿ. ಬೆಳಿಗ್ಗೆ ಕೆರೆದು ಬಾಲ್ದಿಗೆ ಹಾಕಿದರೆ ಎರಡು ನಿಮಿಷದ ಕೆಲಸ, ಹಾಸಿಗೆ ಬೀಳುವ ತೇವದಲ್ಲಿ ಅರ್ಧ ಕಡಿಮೆ. ಅಡ್ಡೆಗೆ ಅಡಿಕೆ ಸಲಾಕೆ ಬಳಸುವವರು ಸಿಬಿರನ್ನು ಚೆನ್ನಾಗಿ ಹೆರೆದು ತೆಗೆಯಬೇಕು. ಅಂಗಾಲಿಗೆ ಸಿಬಿರು ಚುಚ್ಚಿದ ಗಾಯ ಒದ್ದೆಯಲ್ಲಿ ಬಾತು ಕೀವಾಗುತ್ತದೆ.

ನೀರು, ಮೇವು, ಚಿಪ್ಪು

ಹಾಸು ಹೆಚ್ಚು ಒದ್ದೆಯಾಗುವುದು ನೀರಿನ ಪಾತ್ರೆಯ ಸುತ್ತ. ಪಾತ್ರೆಯ ಅಂಚು ಕೋಳಿಯ ಬೆನ್ನಿನ ಎತ್ತರಕ್ಕೆ ಬರುವಂತೆ, ಅಗಲವಾದ ತಟ್ಟೆಯ ಮೇಲೆ ಬಲೆ ಹಾಸಿ ಅದರ ಮೇಲಿಡಿ. ಚೆಲ್ಲಿದ್ದು ತಟ್ಟೆಗೆ ಬೀಳುತ್ತದೆ. ಬಾವಿನೀರು ಮಳೆಗಾಲದಲ್ಲಿ ಕೆಂಪಾಗಿ ಕದಡುತ್ತದೆ, ಅಂಗಳದ ಕೊಳೆಯೂ ಇಳಿದಿರುತ್ತದೆ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವ ಲೆಕ್ಕ ತಿಳಿ ನೀರಾದರೆ 1,000 ಲೀಟರಿಗೆ ಎರಡೂವರೆ ಗ್ರಾಂ, ಕದಡಿದ್ದರೆ ಅದರ ಎರಡರಷ್ಟು. ಹತ್ತಡಿ ವ್ಯಾಸದ ಬಾವಿಯಲ್ಲಿ ಹದಿನಾರು ಅಡಿ ನೀರಿದ್ದರೆ ಸುಮಾರು 35,000 ಲೀಟರ್, ಅಂದರೆ 90 ಗ್ರಾಂನಿಂದ 175 ಗ್ರಾಂ. ಪುಡಿ ಹೊಸದಿರಬೇಕು. ತೇವ ತಾಗಿ ಗಟ್ಟಿಯಾದ ಹಳೆಯ ಪುಡಿಯಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ.

ಮೇವಿನಲ್ಲಿ ಬೂಷ್ಟಿನ ಭಯ ಎಲ್ಲಕ್ಕಿಂತ ದೊಡ್ಡದು. ಜೋಳ, ಶೇಂಗಾ ಹಿಂಡಿ, ತೆಂಗಿನ ಹಿಂಡಿ, ತೌಡು, ಇವಕ್ಕೆ ಒಂದು ವಾರದ ತೇವ ಸಾಕು. ಆ ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ವಿಷ ಯಕೃತ್ತನ್ನು ಕೆಡಿಸುತ್ತದೆ, ಲಸಿಕೆಯ ಬಲವನ್ನೂ ಕುಗ್ಗಿಸುತ್ತದೆ. ಹುರಿದರೆ, ಬಿಸಿಲಿಗೆ ಹಾಕಿದರೆ ಸರಿಯಾಗುತ್ತದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಮನೆಯ ಬಾಣಲೆಯ ಬಿಸಿಗೆ ಬೂಷ್ಟು ಸಾಯುತ್ತದೆ, ವಿಷ ಉಳಿಯುತ್ತದೆ. ಹಸಿರೋ ಕಪ್ಪೋ ಬಣ್ಣ ಬಂದ ಹಿಂಡಿಯನ್ನು ಎಸೆಯಿರಿ. ದನಕ್ಕೂ ಹಾಕಬೇಡಿ, ಹಾಲಿನಲ್ಲಿ ಬರುತ್ತದೆ. ಮೇವನ್ನು ಹದಿನೈದು ದಿನಕ್ಕಾಗುವಷ್ಟು ಮಾತ್ರ ತನ್ನಿ. ಮೊಟ್ಟೆಕೋಳಿಗೆ ದಿನಕ್ಕೆ 110 ಗ್ರಾಂ ಲೆಕ್ಕದಲ್ಲಿ ಹನ್ನೊಂದಕ್ಕೆ 18 ಕಿಲೋ ಆಗುತ್ತದೆ. ಊರ ಕೋಳಿಗೆ ಹೊರಗಿನ ಮೇವು ಸಿಕ್ಕರೆ 70-80 ಗ್ರಾಂ ಸಾಕು. ಮುಚ್ಚಳ ಬಿಗಿಯಾದ ಡ್ರಮ್ಮಿನಲ್ಲಿ, ನೆಲದಿಂದ ಅರ್ಧ ಅಡಿ ಮೇಲೆ, ಗೋಡೆಯಿಂದ ಒಂದಡಿ ದೂರ ಇಡಿ. ಕರಾವಳಿಯ ಗೋಡೆಗಳು ಆಟಿಯಲ್ಲಿ ಬೆವರುತ್ತವೆ, ಗೋಡೆಗೆ ತಾಗಿದ ಚೀಲ ಆ ಬದಿಯಿಂದಲೇ ಕೆಡುತ್ತದೆ.

ಕುಚಲಕ್ಕಿ ಅನ್ನ ಮಿಕ್ಕಿದ್ದನ್ನು ಹಾಕಬಹುದು, ಆದರೆ ಗಂಟೆಯೊಳಗೆ ತಿಂದು ಮುಗಿಸುವಷ್ಟೇ. ಒಣಮೀನಿನ ತಲೆ, ಬಾಲವನ್ನು ಹಾಗೇ ಹಾಕಬೇಡಿ. ಉಪ್ಪು ಹೆಚ್ಚಾದರೆ ಕೋಳಿ ವಿಪರೀತ ನೀರು ಕುಡಿಯುತ್ತದೆ, ಹಿಕ್ಕೆ ನೀರಾಗುತ್ತದೆ, ಹಾಸು ಮತ್ತೆ ಒದ್ದೆ. ಜಾಸ್ತಿಯಾದರೆ ಸಾಯುವುದೂ ಉಂಟು. ರಾತ್ರಿಯಿಡೀ ನೆನೆಸಿ, ಎರಡು ನೀರು ಚೆಲ್ಲಿ, ಬೇಯಿಸಿ ಕೊಡಿ.

ಮೊಟ್ಟೆಯ ಸಿಪ್ಪೆಗೆ ಬೇಕಾದ ಸುಣ್ಣದಂಶ ನಮ್ಮ ಅಳಿವೆಗಳಲ್ಲೇ ಇದೆ. ಮರುವಾಯಿ (ಚಿಪ್ಪುಮೀನು) ಸುಕ್ಕ ಮಾಡಿದ ದಿನ ಚಿಪ್ಪುಗಳನ್ನು ಎಸೆಯದೆ ತೊಳೆದು ಒಲೆಯ ಕೆಂಡದಲ್ಲಿ ಸ್ವಲ್ಪ ಹೊತ್ತು ಬಿಸಿ ಮಾಡಿ. ಬಿಸಿಗೆ ಸಡಿಲಾದ ಚಿಪ್ಪು ಸುಲಭವಾಗಿ ಪುಡಿಯಾಗುತ್ತದೆ. ಸುಟ್ಟು ಬಿಳಿ ಬೂದಿಯಾಗುವಷ್ಟು ಬಿಡಬಾರದು, ಅದು ಸುಣ್ಣವಾಗಿ ಬಾಯಿ ಸುಡುತ್ತದೆ. ಎರಡರಿಂದ ನಾಲ್ಕು ಮಿ.ಮೀ. ತುಂಡು ಮಾಡಿ ಬೇರೆ ಬಟ್ಟಲಲ್ಲಿಡಿ, ಬೇಕಾದ ಹೇಂಟೆ ಬೇಕಾದಷ್ಟು ಹೆಕ್ಕಿ ತಿನ್ನುತ್ತದೆ. ಇಷ್ಟಾದರೂ ತೊಗಲುಮೊಟ್ಟೆ ಬರುತ್ತಿದ್ದರೆ ಕಾರಣ ಬಿಸಿಲಿಲ್ಲದಿರುವುದು. ವಿಟಮಿನ್ ಡಿ3 ಇಲ್ಲದೆ ತಿಂದ ಸುಣ್ಣ ಮೈಗೆ ಹತ್ತುವುದಿಲ್ಲ. ಮನೆಯ ಅನ್ನ, ತೌಡಿನಲ್ಲೇ ಇರುವ ಕೋಳಿಗಳಿಗೆ ಈ ತಿಂಗಳುಗಳಲ್ಲಿ ಅರ್ಧಕ್ಕರ್ಧ ಲೇಯರ್ ಮೇವು (ಮೊಟ್ಟೆಕೋಳಿಗೆಂದೇ ಮಾರುವ ಸಿದ್ಧ ಮೇವು) ಸೇರಿಸುವುದು ಸುಲಭದ ದಾರಿ.

ಬೆಳಕು ಮತ್ತು ಮೊಟ್ಟೆ

ಜೂನ್ ಕೊನೆಗೆ ಮಂಗಳೂರಿನಲ್ಲಿ ಹಗಲು ಹದಿಮೂರು ಗಂಟೆಗೆ ಸ್ವಲ್ಪ ಕಡಿಮೆ. ಚೆನ್ನಾಗಿ ಮೊಟ್ಟೆಯಿಡಲು ಹದಿನಾಲ್ಕರಿಂದ ಹದಿನಾರು ಗಂಟೆ ಬೆಳಕು ಬೇಕು. ಅದರ ಮೇಲೆ ಮೋಡ, ತಟ್ಟಿಯ ನೆರಳು. ಸ್ವರ್ಣಧಾರದಂಥ ಮೊಟ್ಟೆತಳಿ ಇದ್ದರೆ ಬೆಳಿಗ್ಗೆ 4.30ರಿಂದ 7ರವರೆಗೆ 7 ವಾಟಿನ ಹಳದಿ ಎಲ್ಇಡಿ ಬಲ್ಬು ಉರಿಸಿ. ಬೆಳಗ್ಗೆಯೇ ಏಕೆಂದರೆ, ಸಂಜೆ ಉರಿಸಿದ ಬಲ್ಬು ಥಟ್ಟನೆ ಆರಿದರೆ ಕೋಳಿ ಅಡ್ಡೆಗೇರಲಾಗದೆ ನೆಲದಲ್ಲೇ ಉಳಿಯುತ್ತದೆ. ಒಂದು ದಿನ ಉರಿಸಿ ಎರಡು ದಿನ ಬಿಟ್ಟರೆ ಉರಿಸದಿರುವುದಕ್ಕಿಂತ ಕೆಟ್ಟದ್ದು. ಕರೆಂಟು ಕೈಕೊಡುವ ಊರಾದರೆ ಬ್ಯಾಟರಿಯ ದೀಪ ಹಾಕಿ. ತೇವದ ಗೂಡಿನಲ್ಲಿ ವೈರು ಬಲೆಗೆ ತಾಗಿರಬಾರದು, ಲೈನಿಗೆ ಇಎಲ್‌ಸಿಬಿ (ಕರೆಂಟು ಸೋರಿದೊಡನೆ ಲೈನು ಕಡಿಯುವ ಸ್ವಿಚ್ಚು) ಇರಲೇಬೇಕು. ಐದು ತಿಂಗಳು ತುಂಬದ ಮರಿಗಳಿಗೆ, ಗರಿ ಉದುರಿಸುತ್ತಿರುವ ಹೇಂಟೆಗಳಿಗೆ ಈ ಬೆಳಕು ಬೇಡ. ಊರ ಕೋಳಿ ಆಟಿಯಲ್ಲಿ ಮೊಟ್ಟೆ ನಿಲ್ಲಿಸಿದರೆ ನಿಲ್ಲಿಸಲಿ. ಅದಕ್ಕೆ ಆ ವಿರಾಮದ ಅಗತ್ಯವಿದೆ.

ಮೊಟ್ಟೆಗೂಡು ನಾಲ್ಕೈದು ಹೇಂಟೆಗೆ ಒಂದರಂತೆ, ಒಂದಡಿ ಉದ್ದಗಲದ್ದು. ಕೊಳೆಯಾದ ಮೊಟ್ಟೆಯನ್ನು ಒಣಬಟ್ಟೆಯಲ್ಲಿ ಒರೆಸಿ. ತಣ್ಣೀರಲ್ಲಿ ತೊಳೆದರೆ ಸಿಪ್ಪೆಯ ಸಣ್ಣ ರಂಧ್ರಗಳಿಂದ ಕೊಳೆನೀರು ಒಳಗೆಳೆದುಕೊಳ್ಳುತ್ತದೆ.

ಕಾವು ಕೂರಿಸುವ ವಿಷಯದಲ್ಲಿ ಖಂಡಿತ ಮಾತು: ಮೇ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮೊಟ್ಟೆ ಇಡಬೇಡಿ. ಇಪ್ಪತ್ತೊಂದು ದಿನದ ಕಾವು ಮುಗಿದು ಮರಿಗಳ ನಾಜೂಕಿನ ಆರು ವಾರ ಸರಿಯಾಗಿ ಕೆಟ್ಟ ಮಳೆಯಲ್ಲೇ ಬೀಳುತ್ತವೆ. ಕಾವಿಗೆ ಕೂತೇ ತೀರುವ ಹೇಂಟೆಯನ್ನು ಬಲೆಯ ತಳವಿರುವ ಪಂಜರದಲ್ಲಿ, ಅಡಿಗೆ ಗಾಳಿಯಾಡುವಂತೆ, ಮೂರು ನಾಲ್ಕು ದಿನ ಮೇವು, ನೀರು ಕೊಟ್ಟು ಇಟ್ಟರೆ ಕಾವು ಇಳಿಯುತ್ತದೆ. ಹೇಗೋ ಮರಿಗಳು ಆಗಿಬಿಟ್ಟಿದ್ದರೆ ಮೊದಲ ವಾರ 35 ಡಿಗ್ರಿ ಬಿಸಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಕಡಿಮೆ. ಮರಿಗಳು ಬಲ್ಬಿನಡಿ ಒತ್ತಿಕೊಂಡರೆ ಬಿಸಿ ಸಾಲದು, ಅಂಚಿಗೆ ಓಡಿದರೆ ಹೆಚ್ಚಾಯಿತು. ಕರೆಂಟಿಲ್ಲದಾಗ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಮಡಕೆ ಇಡುವುದು ಮರಿಗೂ ಮನುಷ್ಯರಿಗೂ ಅಪಾಯ.

ರೋಗ: ಹಿಕ್ಕೆ ನೋಡಿ, ಮುಖ ನೋಡಿ

ಜಂತಿನ ಔಷಧ ಮೊದಲು, ಅದಾಗಿ ವಾರ ಹತ್ತು ದಿನಕ್ಕೆ ಲಸಿಕೆ. ರಾಣಿಖೇತ್ ರೋಗಕ್ಕೆ ಮದ್ದಿಲ್ಲ, ಲಸಿಕೆ ಮಾತ್ರ. ಮರಿಗೆ 5-7ನೇ ದಿನ ಎಫ್1 ಅಥವಾ ಲಸೋಟಾ ಒಂದು ಹನಿ ಕಣ್ಣಿಗೆ, ನಾಲ್ಕನೇ ವಾರ ಲಸೋಟಾ ನೀರಿನಲ್ಲಿ, ಎಂಟನೇ ವಾರ ಆರ್2ಬಿ ಚರ್ಮದಡಿ ಅರ್ಧ ಎಂಎಲ್. ಆರ್2ಬಿಯನ್ನು ಎಳೆ ಮರಿಗೆ ಚುಚ್ಚಿದರೆ ಲಸಿಕೆಯಿಂದಲೇ ರೋಗ ಬರುತ್ತದೆ. ದೊಡ್ಡ ಕೋಳಿಗಳಿಗೆ ಮೇ ತಿಂಗಳಲ್ಲಿ ಮುಗಿಸಿ. ಸೀಸೆ 100-200 ಕೋಳಿಗೆ ಸಾಕಾಗುವಷ್ಟಿರುತ್ತದೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಬಳಸಬೇಕು. ನೆರೆಯ ನಾಲ್ಕೈದು ಮನೆ ಸೇರಿ ಒಂದೇ ದಿನ ಹಾಕಿಸುವುದು ಇದಕ್ಕೇ. ಆಸ್ಪತ್ರೆಯಿಂದ ಮನೆಗೆ ತರುವಾಗ ಥರ್ಮಾಸಿನಲ್ಲಿ ಮಂಜುಗಡ್ಡೆ ಇರಲಿ. ನೀರಿನಲ್ಲಿ ಕೊಡುವ ಲಸಿಕೆಗೆ ಎರಡು ದಿನ ಮೊದಲಿನಿಂದ ಕ್ಲೋರಿನ್ ಇಲ್ಲದ ನೀರು ಬಳಸಿ, ಲೀಟರಿಗೆ ಐದು ಗ್ರಾಂ ಕೆನೆರಹಿತ ಹಾಲುಪುಡಿ ಬೆರೆಸಿ. ಇಲ್ಲವಾದರೆ ಕ್ಲೋರಿನ್ ಲಸಿಕೆಯನ್ನೇ ಕೊಲ್ಲುತ್ತದೆ.

ಮಳೆಗಾಲದ್ದೇ ಆದ ರೋಗವೆಂದರೆ ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್. ಹಿಕ್ಕೆಯಲ್ಲಿ ಬಿದ್ದ ಇದರ ಮೊಟ್ಟೆಕಣಗಳಿಗೆ ತೇವ, ಗಾಳಿ, 25-30 ಡಿಗ್ರಿ ಸಿಕ್ಕರೆ ಒಂದೆರಡು ದಿನದಲ್ಲೇ ಸೋಂಕು ತಗಲಿಸುವ ಸ್ಥಿತಿಗೆ ಬರುತ್ತವೆ. ನಮ್ಮ ಜುಲೈಯ ಒದ್ದೆ ಹಾಸು ಅದಕ್ಕೆ ಹೇಳಿ ಮಾಡಿಸಿದ ಜಾಗ. ಮೂರರಿಂದ ಎಂಟು ವಾರದ ಮರಿಗಳಿಗೆ ಹೆಚ್ಚು. ಕಂದು, ಕೆಂಪು ಹಿಕ್ಕೆ, ಬಿಳಚಿದ ಜುಟ್ಟು, ಜೋಲುಬಿದ್ದ ರೆಕ್ಕೆ ಕಂಡ ದಿನವೇ ಶೇ. 20ರ ಆಂಪ್ರೋಲಿಯಂ ಪುಡಿಯನ್ನು ಲೀಟರು ನೀರಿಗೆ 1.2 ಗ್ರಾಂನಂತೆ ಐದು ದಿನ, ಆಮೇಲೆ ಅರ್ಧ ಪ್ರಮಾಣ ಒಂದು ವಾರ. ಪೊಟ್ಟಣದ ಮೇಲಿನ ಶೇಕಡಾವಾರು ನೋಡಿ, ಪಶುವೈದ್ಯರನ್ನು ಕೇಳಿಯೇ ಕೊಡಿ. ಜೊತೆಗೆ ಬಿ-ಕಾಂಪ್ಲೆಕ್ಸ್ ಹಾಕಬೇಡಿ, ವಿಟಮಿನ್ ಬಿ1 ಈ ಮದ್ದಿನ ಕೆಲಸವನ್ನೇ ಕೆಡಿಸುತ್ತದೆ. ಹಾಸು ಬದಲಿಸದೆ ಮದ್ದು ಮಾತ್ರ ಕೊಟ್ಟರೆ ಹದಿನೈದು ದಿನಕ್ಕೆ ಮತ್ತೆ ಅದೇ.

ಮುಖ ಒಂದು ಬದಿ ಬಾತು, ಮೂಗಿನಿಂದ ನಾರುವ ಸಿಂಬಳ ಬಂದರೆ ಕೊರೈಜಾ. ಅಂಥದ್ದನ್ನು ಬೇರೆ ಇಟ್ಟು ವೈದ್ಯರಿಗೆ ತೋರಿಸಿ. ಜುಟ್ಟು, ಕಣ್ಣಿನ ಸುತ್ತ ಹುರುಕು ಎದ್ದರೆ ಸಿಡುಬು. ಪೊವಿಡೋನ್ ಅಯೋಡಿನ್ ಹಚ್ಚಿ, ಕಣ್ಣು ಮುಚ್ಚಿಹೋದರೆ ಕೈಯಾರೆ ನೀರು, ಮೇವು ಕೊಡಿ. ಹಸಿರು ಭೇದಿ, ತಿರುಚಿದ ಕುತ್ತಿಗೆ, ಏದುಸಿರು ರಾಣಿಖೇತದ್ದು. ಒಟ್ಟಿಗೆ ಹಲವು ಸತ್ತರೆ ಪಶುಪಾಲನಾ ಇಲಾಖೆಗೆ ತಿಳಿಸಲೇಬೇಕು. ಉಳಿದವನ್ನು ಅವಸರದಲ್ಲಿ ಮಾರುವುದು ನೆರೆಯವರ ಗೂಡಿಗೆ ರೋಗ ಕಳಿಸಿದ ಹಾಗೆ. ಸತ್ತದ್ದನ್ನು ತೋಡಿಗೆ ಎಸೆಯದೆ, ಬಾವಿಯಿಂದ ಐವತ್ತಡಿಯಾದರೂ ದೂರ, ಎತ್ತರದ ಜಾಗದಲ್ಲಿ ಮೂರಡಿ ಆಳಕ್ಕೆ ಸುಣ್ಣ ಹಾಕಿ ಹೂಳಿ.

ಹೇನು, ಉಣ್ಣೆ ಹೆಚ್ಚಾಗುವುದು ಕೋಳಿಗೆ ಹುಡಿಸ್ನಾನ ತಪ್ಪಿದಾಗ. ಎರಡಡಿ ಚೌಕದ ಪೆಟ್ಟಿಗೆಯಲ್ಲಿ, ಮಾಡಿನಡಿ, ಮೇ ತಿಂಗಳಲ್ಲೇ ಕೂಡಿಟ್ಟ ಒಣ ಮರಳು ಎರಡು ಪಾಲು, ಜರಡಿ ಹಿಡಿದ ಬೂದಿ ಒಂದು ಪಾಲು ತುಂಬಿ. ಬಚ್ಚಲೊಲೆಯ ತೆಂಗಿನ ಸಿಪ್ಪೆಯ ಬೂದಿ ಒದ್ದೆಯಾದರೆ ಚರ್ಮ ಸುಡುತ್ತದೆ, ಒಣಗಿದ್ದರೆ ಮಾತ್ರ ಬಳಸಿ.

ಗೂಡಿನ ಕೆಲಸಕ್ಕೆ ಗಂಬೂಟು, ಕೈಗವಸು ಹಾಕಿಕೊಳ್ಳಿ. ಮೇವಿಗೆ ಬರುವ ಇಲಿ, ಹೆಗ್ಗಣದ ಮೂತ್ರ ಬೆರೆತ ಕೆಸರು ಕಾಲಿನ ಸಣ್ಣ ಗಾಯಕ್ಕೆ ತಾಗಿದರೂ ಇಲಿಜ್ವರ ಬರಬಹುದು. ರಾತ್ರಿ ಉಳಿದ ಮೇವನ್ನು ಗೂಡಿನಲ್ಲಿ ಬಿಡದಿದ್ದರೆ ಅವು ಬರುವುದೇ ಕಡಿಮೆ.

ಸೋಣದ ಬಿಸಿಲು ಬಂದ ಮೇಲೆ

ಆಗಸ್ಟ್ ನಡುವಿಗೆ ಆಟಿ ಮುಗಿದು ಸೋಣ ತಿಂಗಳು ಶುರುವಾಗುತ್ತದೆ, ಆಗಸ್ಟ್ ಕೊನೆಗೆ ನಡುನಡುವೆ ಬಿಸಿಲು ಕಾಣುತ್ತದೆ. ಆಗಲೇ ಎರಡನೇ ಸಲ ಜಂತಿನ ಔಷಧ ಕೊಡಿಸಿ. ಮಳೆಗಾಲವಿಡೀ ಎರೆಹುಳ, ಸಿಂಬಳದ ಹುಳ ತಿಂದ ಕೋಳಿಯಲ್ಲಿ ಲಾಡಿಹುಳವೂ ಇರುತ್ತದೆ. ಪೈಪರಾಜಿನ್ ಉರುಟು ಹುಳಕ್ಕೆ ಮಾತ್ರ, ಲಾಡಿಹುಳಕ್ಕೆ ಬೇರೆ ಮದ್ದು ಕೇಳಿ, ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದೂ ಕೇಳಿಕೊಳ್ಳಿ. ಹಾಸನ್ನೆಲ್ಲ ತೆಗೆದು, ನೆಲ, ಗೋಡೆಗೆ ಸುಣ್ಣ ಬಳಿದು, ಎರಡು ದಿನ ಒಣಗಲು ಬಿಟ್ಟು ಹೊಸ ಹಾಸು ಹಾಕಿ. ತೆಗೆದ ಹಾಸನ್ನು ಮಾಡಿನಡಿ ರಾಶಿಹಾಕಿ, ಹದಿನೈದು ದಿನಕ್ಕೊಮ್ಮೆ ಮಗುಚಿ ಎರಡು ಮೂರು ತಿಂಗಳು ಕೊಳೆಸಿ. ಹಸಿಯಾಗಿ ಹಾಕಿದರೆ ಮಲ್ಲಿಗೆ ಗಿಡದ ಬೇರು ಸುಟ್ಟುಹೋಗುತ್ತದೆ. ಕೊಳೆತ ಮೇಲೆ ನವೆಂಬರಿನಲ್ಲಿ ಮಲ್ಲಿಗೆಗೂ ಗುಳ್ಳ ಬದನೆಯ ಸಾಲಿಗೂ ಗಿಡಕ್ಕೆ ಒಂದೆರಡು ಬೊಗಸೆ, ಬುಡದಿಂದ ಒಂದು ಗೇಣು ದೂರದಲ್ಲಿ ಹಾಕಿ ಮಣ್ಣು ಮುಚ್ಚಿ.